ಕನ್ನಡಿಯ ಮುಂದೆ ಈರಕ್ಕ

1983ರಲ್ಲಿ ನಾನು ಶಿರಾದ ಒಂದು ಜೂನಿಯರ್ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಉಪನ್ಯಾಸಕನಾಗಿದ್ದೆ. ಆ ವಿಷಯ ಏನೆಂದು ತಿಳಿದವರು ನಮ್ಮ ಕಡೆ ಕಡಿಮೆ. ತರಕಾರಿ ಕೊಳ್ಳುತ್ತಿದ್ದರೆ ಯಾರಾದರೂ ಪಕ್ಕಕ್ಕೆ ಬಂದು, ತಮ್ಮ ಭಾವಮೈದುನನಿಗೆ ಮೆಟ್ಟಿಕೊಂಡ ಗಾಳಿ ಬಿಡಿಸುತ್ತೀರಾ ಎಂದು ಪಿಸುಗುಡುತ್ತಿದ್ದರು. ನಾನು ಬರೀ ಪಾಠ ಹೇಳುವವನು ಎಂದರೆ ಅವರ ಮುಖ ಸಪ್ಪಗಾಗುತ್ತಿತ್ತು.

ಎರಡನೇ ಪಿ.ಯು.ಸಿ.ಯಲ್ಲಿ ಜಯಮ್ಮ ಎಂಬ ಹುಡುಗಿ ಇದ್ದಳು. ಬರಗೂರು ಕಡೆಯ ಕುರಿಗಾರರ ಹಟ್ಟಿಯವಳು. ಅವಳ ತಾಯಿ ಈರಕ್ಕನಿಗೆ ಮಗಳನ್ನು ತನ್ನ ತಮ್ಮನಿಗೇ ಕೊಡಬೇಕೆಂಬ ಹಟ. ಪಾಸಾದರೆ ಟೀಚರ್ ಟ್ರೈನಿಂಗು, ಫೇಲಾದರೆ ಆ ಬೇಸಿಗೆಯಲ್ಲೇ ಮದುವೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಇದನ್ನು ಜಯಮ್ಮ ಒಮ್ಮೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅಳುತ್ತಾ ಹೇಳಿದ್ದಳು.

ನಮ್ಮ ಪ್ರಾಕ್ಟಿಕಲ್ ಪರೀಕ್ಷೆಯ ಪದ್ಧತಿ ಬೇರೆಯದು. ವಿದ್ಯಾರ್ಥಿ ಇನ್ನೊಬ್ಬ ಮನುಷ್ಯನ ಮೇಲೆ ಪ್ರಯೋಗ ನಡೆಸಬೇಕು. ಆ ಮನುಷ್ಯನಿಗೆ ನಾವು ‘ಸಬ್ಜೆಕ್ಟ್’ ಎನ್ನುತ್ತೇವೆ. ಆತ ಆ ಪ್ರಯೋಗವನ್ನು ಹಿಂದೆ ಮಾಡಿರಬಾರದು. ಹಾಗಾಗಿ ಒಬ್ಬೊಬ್ಬರಿಗೂ ಮೊದಲ ವರ್ಷದ ಒಬ್ಬರನ್ನು ನಾನೇ ಗೊತ್ತುಮಾಡಿದ್ದೆ. ಜಯಮ್ಮನ ಪಾಲಿನ ಹುಡುಗಿ ಜ್ವರವೆಂದು ಪರೀಕ್ಷೆಯ ದಿನ ಬರಲೇ ಇಲ್ಲ.

“ಹತ್ತು ನಿಮಿಷ ನೋಡ್ತೀನಿ. ಆಮೇಲೆ ಗೈರುಹಾಜರಿ ಹಾಕಬೇಕಾಗುತ್ತೆ,” ಎಂದರು ತುಮಕೂರಿನಿಂದ ಬಂದಿದ್ದ ಪರೀಕ್ಷಕರು. ನಾನು ಕಾಲೇಜೆಲ್ಲ ಓಡಾಡಿದೆ. ಗೊತ್ತುಮಾಡಿದವರನ್ನು ಬಿಟ್ಟು ಮೊದಲ ವರ್ಷದ ಉಳಿದವರು ರಜೆಗೆ ಊರು ಸೇರಿದ್ದರು. ಇದ್ದವನು ಜವಾನನೊಬ್ಬ, ಅವನೋ ವರ್ಷ ವರ್ಷ ಸಬ್ಜೆಕ್ಟ್ ಆಗಿ ಆಗಿ ಎಲ್ಲ ಪ್ರಯೋಗಗಳಲ್ಲೂ ಪಳಗಿದ್ದ. ವಾಪಸು ಬಂದಾಗ ಜಯಮ್ಮ, “ಸಾರ್, ಒರಗಡೆ ನಮ್ಮವ್ವ ಕುಂತವ್ಳೆ,” ಎಂದಳು.

ಮಗಳನ್ನು ಒಬ್ಬಳನ್ನೇ ಬಸ್ಸಿಗೆ ಹತ್ತಿಸಲು ಮನಸ್ಸಿಲ್ಲದೆ ಈರಕ್ಕ ಜೊತೆಗೆ ಬಂದಿದ್ದಳು. ಕುರಿ ಕಾಯಲು ತೋಳನನ್ನು ಕರೆದ ಹಾಗಾಗುತ್ತದಲ್ಲ! ಬೇರೆ ದಾರಿಯೂ ಇರಲಿಲ್ಲ. ಓದು ಬಾರದವರು ಆದೀತೇ ಎಂದು ಪರೀಕ್ಷಕರು ಹುಬ್ಬೇರಿಸಿದರು. “ಈ ಪ್ರಯೋಗಕ್ಕೆ ಅಕ್ಷರ ಬೇಕಿಲ್ಲ ಸಾರ್,” ಎಂದೆ. ಅವರು ಒಪ್ಪಿದರು.

ಜಯಮ್ಮನಿಗೆ ಬಂದಿದ್ದು ಮಿರರ್ ಡ್ರಾಯಿಂಗ್. ಕಾಗದದ ಮೇಲೆ ಜೋಡಿಗೆರೆಯ ನಕ್ಷತ್ರವಿರುತ್ತದೆ. ಕೈ ಕಾಣದಂತೆ ಅಡ್ಡಕ್ಕೆ ಒಂದು ತಗಡು. ಎದುರಿನ ಕನ್ನಡಿಯನ್ನಷ್ಟೇ ನೋಡುತ್ತಾ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು, ಹೀಗೆ ಐದು ಸಲ. ಎಂಥ ಜಾಣರಿಗೂ ಮೊದಲ ಮೂಲೆಯಲ್ಲೇ ಕೈ ಉಲ್ಟಾ ಓಡುತ್ತದೆ.

“ಇದು ನಿಮ್ಮ ಬುದ್ಧಿಯ ಪರೀಕ್ಷೆಯಲ್ಲ. ನಿಮಗೆ ಆದಷ್ಟು ಬೇಗ ಮಾಡಿ,” ಎಂದು ಜಯಮ್ಮ ಸೂಚನೆ ಕೊಟ್ಟಳು.

“ಇದ್ಯಾಕೆ ನನ್ನ ನೀವು ತಾವು ಅಂತೀಯೇ?” ಎಂದಳು ಈರಕ್ಕ. ಜಯಮ್ಮ ಕೈಯಲ್ಲಿದ್ದ ಸ್ಟಾಪ್‌ವಾಚ್ ಒತ್ತಿದಳು.

ಮೊದಲ ಮೂಲೆಯಲ್ಲೇ ಪೆನ್ಸಿಲ್ ಸಿಕ್ಕಿಕೊಂಡಿತು. ಈರಕ್ಕ ಎಳೆದಳು, ಒತ್ತಿದಳು, ಬೆವೆತಳು. “ನನ್ ಕೈಲಾಗಕಿಲ್ಲ ಕಣವ್ವ!” ಎಂದು ಪೆನ್ಸಿಲ್ ಎಸೆದುಬಿಟ್ಟಳು. ಅದು ಉರುಳಿ ಪರೀಕ್ಷಕರ ಕಾಲ ಬಳಿ ನಿಂತಿತು. ಪ್ರಯೋಗ ಅರ್ಧಕ್ಕೆ ನಿಂತರೆ ಅಂಕವಿಲ್ಲ. ಮಗಳು ದಾರಿ ತೋರಿಸುವಂತಿಲ್ಲ, ಗೋಗರೆಯುವಂತಿಲ್ಲ. ನಾನು ಬಾಯಿ ಬಿಡುವಂತೆಯೇ ಇಲ್ಲ. ಜಯಮ್ಮ ಪೆನ್ಸಿಲ್ ತಂದು ಮೇಜಿನ ಮೇಲಿಟ್ಟು ಅದೇ ಸೂಚನೆಯನ್ನು ಮತ್ತೆ ಹೇಳಿದಳು. ಸ್ಟಾಪ್‌ವಾಚ್ ಓಡುತ್ತಲೇ ಇತ್ತು. ಈರಕ್ಕ ಬಾಗಿಲ ಕಡೆ ನೋಡಿದಳು, ಆಮೇಲೆ ಮಗಳ ಕಡೆ. ಕೊನೆಗೂ ಪೆನ್ಸಿಲ್ ಎತ್ತಿಕೊಂಡಳು.

ಮೊದಲ ಸಲ ಎಂಟು ನಿಮಿಷ ಹಿಡಿದಿದ್ದು ಐದನೇ ಸಲಕ್ಕೆ ಎರಡಕ್ಕೆ ಇಳಿಯಿತು.

ಕೊನೆಯಲ್ಲಿ ಸಬ್ಜೆಕ್ಟಿಗೆ ಏನನ್ನಿಸಿತು ಎಂದು ಕೇಳಿ ಬರೆದುಕೊಳ್ಳಬೇಕು. ಇದಕ್ಕೆ ಅಂತರವಲೋಕನ ಎಂದು ಹೆಸರು. ನಮ್ಮ ಹುಡುಗರೆಲ್ಲ ಕೇಳುವ ಗೋಜಿಗೇ ಹೋಗದೆ ‘ಮೊದಲು ಕಷ್ಟವೆನಿಸಿತು, ನಂತರ ಸುಲಭವಾಯಿತು’ ಎಂದು ಗೀಚಿ ಎದ್ದುಬಿಡುತ್ತಿದ್ದರು. ಜಯಮ್ಮ ಕೇಳಿದಳು.

“ಕೈ ನನ್ ಮಾತೇ ಕೇಳ್ಲಿಲ್ಲ. ಇತ್ಲಾಗ್ ಎಳುದ್ರೆ ಅತ್ಲಾಗ್ ಓಯ್ತು. ಬಿಸಾಕ್ದಾಗ ಅಂಗೇ ಎದ್ದೋಗ್ಬುಡಣ ಅನ್ನುಸ್ತು. ಎದ್ದೋದ್ರೆ ನಿನ್ ಓದು ಇವತ್ಗೇ ಮುಗೀತದೆ, ನನ್ ತಮ್ಮನ ಮನೆ ತುಂಬ್ತೀಯ ಅಂತ ಗೊತ್ತಿತ್ತು ನಂಗೆ.”

ಜಯಮ್ಮನ ಪೆನ್ನು ನಿಂತಿತು. ತಲೆಯೆತ್ತದೆ, “ಇದ್ನೂ ಬರೀಬೇಕಾ ಸಾರ್?” ಎಂದಳು.

“ಸಬ್ಜೆಕ್ಟ್ ಹೇಳಿದ್ದನ್ನು ಹೇಳಿದ ಹಾಗೇ ಬರೀಬೇಕು. ಮುಂದೆ ಕೇಳಮ್ಮ,” ಎಂದರು ಪರೀಕ್ಷಕರು ಮೆತ್ತಗೆ.

“ಆಮೇಲೆ ಏನನ್ನಿಸಿತು?”

“ಆ ಗಡಿಯಾರ ಇಡ್ಕಂಡಿದ್ದ ನಿನ್ ಕೈ ನೋಡ್ದೆ. ಗಡಗಡ ನಡುಗ್ತಿತ್ತು. ಇಷ್ಟೊಂದು ಆಸೆ ಮಡಿಕ್ಕಂಡು ನಂಗೆ ಒಂದಿನಾನೂ ಯೋಳ್ಲಿಲ್ವಲ್ಲೇ!”

“ನೀನು ಯಾವತ್ತವ್ವ ಕೇಳ್ದೆ?” ಎಂದಳು ಜಯಮ್ಮ.

ಪ್ರಯೋಗ ನಡೆಸುವವರು ಆಡಬಾರದ ಮಾತು ಅದು. ಪರೀಕ್ಷಕರು ಕನ್ನಡಕ ತೆಗೆದು ಒರೆಸುತ್ತಾ ಕೂತರು, ಅಂಕ ಕಳೆಯಲಿಲ್ಲ. ಆ ವರ್ಷ ಜಯಮ್ಮ ಪಾಸಾಗಿ ಟ್ರೈನಿಂಗಿಗೆ ಸೇರಿದಳು. ಈರಕ್ಕನ ತಮ್ಮನಿಗೆ ಬೇರೆ ಕಡೆ ಹೆಣ್ಣು ತಂದರು.

ನಿವೃತ್ತಿಯಾಗುವವರೆಗೂ ನಾನು ಮಕ್ಕಳಿಗೆ ಹೇಳುತ್ತಿದ್ದುದು ಇಷ್ಟೇ: ಕಡೆಯ ಪ್ರಶ್ನೆಯನ್ನು ಕೇಳದೆ ಉತ್ತರ ಬರೆಯಬೇಡಿ. ಅವತ್ತು ಜಯಮ್ಮನೂ ಎಲ್ಲರ ಹಾಗೆ ಆ ಒಂದು ಸಾಲು ಗೀಚಿ ಎದ್ದಿದ್ದರೆ ಪರೀಕ್ಷೆಯಲ್ಲೇನೋ ಪಾಸಾಗುತ್ತಿದ್ದಳು. ತಾಯಿ ಮಗಳು ಮಾತ್ರ ಒಂದೇ ಸೀಟಿನಲ್ಲಿ ಕೂತು, ಒಬ್ಬರ ಮನಸ್ಸು ಒಬ್ಬರಿಗೆ ತಿಳಿಯದೆ, ಬರಗೂರು ಬಸ್ಸಿನಲ್ಲಿ ಊರಿಗೆ ಹೋಗಿಬಿಡುತ್ತಿದ್ದರು.