ಖಾಸಿಂ ಆರಿಸಿಕೊಟ್ಟ ಕಪ್ಪೆ

ಮೀನು ಗಾಳಕ್ಕೆ ಬಿದ್ದಿತ್ತು. ಬೀಳಲಿಲ್ಲವೆಂದು ಹೇಳಿದೆ — ಹದಿನೆಂಟು ವರ್ಷಗಳ ಹಿಂದೆ, ಮುರಿದ ಕಾಲು ಚಾಚಿಕೊಂಡು ಹೊರಸಿನ ಮೇಲೆ ಮಲಗಿದ್ದ ಖಾಸಿಂನ ಮುಖ ನೋಡುತ್ತ. ಇದನ್ನು ಈವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ. ಹೆಂಡತಿಯ ಮುಂದೆಯೂ ಇಲ್ಲ. ಅವಳಿಗೆ ಹೇಗೆ ಹೇಳಲಿ — ಅವಳನ್ನು ಮದುವೆಯಾಗುವ ಸಲುವಾಗಿಯೇ ಅಲ್ಲವೆ ಆ ಸುಳ್ಳು ಹುಟ್ಟಿದ್ದು?

ಖಾಸಿಂ ಕಲ್ಯಾಣದಲ್ಲಿ ಟಾಂಗಾ ಕುದುರೆಗಳಿಗೆ ಜೀನು, ಲಗಾಮು ಹೊಲಿಯುತ್ತಿದ್ದ. ನಾನು ಅವನ ಅಂಗಡಿಯ ಎದುರು, ಉರ್ದುವಿನಲ್ಲಿ ನಡೆಯುವ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಲಿಂಗ ಕಟ್ಟಿದ ಮನೆತನ. ಮೀನಿನ ಹೆಸರೆತ್ತಿದರೆ ನಮ್ಮವ್ವ ಬಾಯಿ ಮುಕ್ಕಳಿಸಿ ಬರುತ್ತಿದ್ದಳು. ಆದರೂ ಪ್ರತಿ ಶುಕ್ರವಾರ ಕಚೇರಿಗೆ ರಜೆ ಇದ್ದಾಗ, ಕೆರೆಯ ಆಚೆ ದಂಡೆಯ ಜೊಂಡಿನ ಮರೆಯಲ್ಲಿ, ನಾನು ಅವನ ಪಕ್ಕದಲ್ಲಿ ಗಾಳ ಹಿಡಿದು ಕೂತಿರುತ್ತಿದ್ದೆ. ತಿನ್ನುವವನಲ್ಲ, ಹಿಡಿಯುವ ಚಟ. ಸಿಕ್ಕದ್ದೆಲ್ಲ ಅವನ ಮನೆಗೆ. ಯಾರಾದರೂ ನೋಡಿಯಾರೆಂದು ಪ್ರತಿ ಸಲವೂ ಒಡ್ಡಿನ ಕಡೆಗೇ ಒಂದು ಕಣ್ಣು ಇಟ್ಟಿರುತ್ತಿದ್ದೆ. ಹೆದರುವುದೇ ನನ್ನ ಮುಖ್ಯ ಉದ್ಯೋಗ, ಗುಮಾಸ್ತಿಕೆ ಉಪಕಸುಬು.

ಮರಳ ಎಂಬ ಮೀನು ಹಿಟ್ಟಿನ ಉಂಡೆಗೆ ಬರುವುದಿಲ್ಲ, ಬಲೆಗೂ ಸುಲಭವಾಗಿ ಸಿಗುವುದಿಲ್ಲ. ಜೊಂಡಿನ ಬುಡದಲ್ಲಿ ಅಡಗಿ, ಜೀವ ಇದ್ದದ್ದನ್ನೇ ಹಾರಿ ನುಂಗುತ್ತದೆ. ಅದಕ್ಕೆ ಜೀವಂತ ಕಪ್ಪೆಯನ್ನೇ ಗಾಳಕ್ಕೆ ಹಾಕಬೇಕು. ಕೊಕ್ಕೆ ತೊಡೆಯ ತೊಗಲಿಗಷ್ಟೇ ಚುಚ್ಚಬೇಕು. ಎಲುಬಿಗೆ ತಾಗಿದರೆ ಕಪ್ಪೆ ಈಸುವುದಿಲ್ಲ, ಈಸದಿದ್ದರೆ ಮರಳ ತಿರುಗಿಯೂ ನೋಡುವುದಿಲ್ಲ. ಖಾಸಿಂ ಒಂದೊಂದನ್ನೂ ಅಂಗೈ ಮೇಲಿಟ್ಟುಕೊಂಡು, ಅದರ ಒದೆತ ನೋಡಿ ಆರಿಸುತ್ತಿದ್ದ. ಹೆಣ್ಣು ನೋಡುವುದಕ್ಕೂ ಜನ ಇಷ್ಟು ಹೊತ್ತು ಹಿಡಿಯುವುದಿಲ್ಲ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕುದುರೆಯೊಂದು ಒದ್ದು ಅವನ ಕಾಲು ಮುರಿಯಿತು. ನಾಲ್ಕೇ ದಿನಕ್ಕೆ ಅವನ ಹೆಂಡತಿ ಜೈನಬಿ ಹೆಣ್ಣು ಹೆತ್ತಳು. ರಕ್ತ ಬಹಳ ಹೋಯಿತು. ಜೀವಂತ ಹಿಡಿದು ತಂದ ಮರಳದ ಶೋರ್ವಾ ಕುಡಿಸಿದರೆ ಮೈಯಲ್ಲಿ ರಕ್ತ ಕೂಡುತ್ತದೆ ಎಂದು ಹಕೀಮರು ಹೇಳಿದರು. ಖಾಸಿಂ ನನ್ನನ್ನು ಕರೆಸಿದ. ಗಡಿಗೆಯಿಂದ ಐದಾರು ಕಪ್ಪೆ ತೆಗೆದು ನೋಡಿ, ಒಂದನ್ನು ಆರಿಸಿ, ಮಲಗಿದಲ್ಲೇ ಕೊಕ್ಕೆ ಚುಚ್ಚಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ.

“ನಿನ್ನ ಕೈ ನಡಗ್ತಾವ, ಶಿವಣ್ಣಾ. ಚುಚ್ಚೂ ಕೆಲಸ ನಂದು. ನೀ ಬರೇ ನೀರಿಗಿ ಬಿಡು.”

ಬಿಟ್ಟೆ. ಕಪ್ಪೆ ನಾಲ್ಕು ಮಾರು ಈಸಿತ್ತೋ ಇಲ್ಲವೋ, ನೀರು ಒಡೆಯಿತು, ಬಿದಿರು ಬಾಗಿತು. ಮೊಳದುದ್ದದ ಮರಳ. ಎಳೆದು, ಜೀವಂತ ಒಯ್ಯಲೆಂದು ತಂದಿದ್ದ ಗಡಿಗೆಯ ನೀರಿಗೆ ಹಾಕಿದೆ. ಅಷ್ಟರಲ್ಲಿ ಕೆರೆಯ ಒಡ್ಡಿನ ಮೇಲಿಂದ ಯಾರೋ ನನ್ನ ಹೆಸರು ಹಿಡಿದು ಕೂಗಿದರು.

ಹುಮನಾಬಾದದ ನನ್ನ ಸೋದರಮಾವ. ಮಗಳನ್ನು ನನಗೆ ಕೊಡುವ ಮಾತು ಪಕ್ಕಾ ಮಾಡಲು ಹಿಂದಿನ ದಿನವಷ್ಟೇ ಬಂದವರು, ಪೂಜೆಯ ಪತ್ರಿ ಹುಡುಕುತ್ತ ಇತ್ತ ನಡೆದುಬಂದಿದ್ದರು. ಕೋಲನ್ನು ಜೊಂಡಿನೊಳಗೆ ತಳ್ಳಿದೆ. ಗಡಿಗೆಯನ್ನು ಕಾಲಿನಿಂದ ಉರುಳಿಸಿದೆ. ಮೀನು ದಂಡೆಯ ಕೆಸರಿನಲ್ಲಿ ಹೊರಳುತ್ತ ನೀರಿನತ್ತ ಜಾರಿತು — ಆಗಲೂ ಹಿಡಿಯಬಹುದಿತ್ತು, ಬಗ್ಗಿದ್ದರೆ ಸಾಕಿತ್ತು — ನಾನು ಮಾವನ ಕಡೆ ತಿರುಗಿ ನಕ್ಕೆ.

“ಏನ್ ಮಾಡಾಕತ್ತೀಪಾ ಅಳಿಯಾ, ಇಲ್ಲಿ?”

“ಪೂಜಾಕ ನೀರು ಒಯ್ಯಾಕ ಬಂದೀನ್ರಿ, ಮಾವಾ.”

ಇಷ್ಟು ಶಿಸ್ತಿನ ಹುಡುಗ ಹುಮನಾಬಾದದಲ್ಲಿ ದೀಪ ಹಚ್ಚಿ ಹುಡುಕಿದರೂ ಸಿಗುವುದಿಲ್ಲ ಎಂದು ಅವರು ದಾರಿಯುದ್ದಕ್ಕೂ ಹೊಗಳಿದರು. ಅಂದು ಅವರ ಲಿಂಗಪೂಜೆ ಅದೇ ಮೀನಿನ ಗಡಿಗೆಯಲ್ಲಿ ನಾನು ಮತ್ತೆ ತುಂಬಿ ತಂದ ನೀರಿನಲ್ಲಿ ನಡೆಯಿತು. ಬೇರೆ ಯಾರ ಕತೆಯಾಗಿದ್ದರೂ ನಾನು ಇಲ್ಲಿ ನಗುತ್ತಿದ್ದೆ.

ಸಂಜೆ ಖಾಸಿಂನ ಮನೆಗೆ ಹೋದೆ. ಮೀನು ಬಿದ್ದಿತ್ತು, ಹೆದರಿ ಬಿಟ್ಟುಬಿಟ್ಟೆ, ಬೇರೆ ಯಾರನ್ನಾದರೂ ಕಳಿಸು — ಇಷ್ಟೇ ಹೇಳಬೇಕಿತ್ತು. ಅವನು ಬೈಯುತ್ತಿದ್ದ, ಮತ್ತೊಬ್ಬನನ್ನು ಕಳಿಸುತ್ತಿದ್ದ, ಅದೇ ಜೊಂಡಿನಲ್ಲಿ ಅದೇ ಮೀನು ಇರುತ್ತಿತ್ತು. ನಾನು ಹೇಳಿದ್ದು ಇದು:

“ದಿನಾಪೂರ್ತಿ ನೀರಾಗ ನಿಂತೆ, ಖಾಸಿಂ. ಕಪ್ಪಿ ಮುಟ್ಟಲಿಲ್ಲ. ಈ ಸಲ ಕೆರಿಯಾಗ ಮರಳನಽ ಇಲ್ಲ.”

ಇಲ್ಲದ ಮೀನು ಹಿಡಿಯಲು ಯಾರನ್ನು ಕಳಿಸಿಯಾನು? ಯಾರನ್ನೂ ಕಳಿಸಲಿಲ್ಲ. ಮಾವ ನಾಲ್ಕು ದಿನ ಉಳಿದರು, ನಾನು ಮನೆ ಬಿಟ್ಟು ಕದಲಲಿಲ್ಲ. ಮೂರನೆಯ ದಿನ ಜೈನಬಿ ಹೋದಳು.

ಶೋರ್ವಾ ಅವಳನ್ನು ಉಳಿಸುತ್ತಿತ್ತೋ ಇಲ್ಲವೋ — ಈ ಪ್ರಶ್ನೆಯ ಹಿಂದೆ ಎಷ್ಟೋ ವರ್ಷ ಅಡಗಿ ಕೂತೆ. ಉಳಿಸುತ್ತಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೆ ಮಣ್ಣು ಕೊಟ್ಟ ಮರುದಿನ ಅವನು ಹೇಳಿದ ಮಾತನ್ನು ಎಲ್ಲಿಡಲಿ?

“ಕೊಕ್ಕಿ ಎಲುಬಿಗಿ ಹತ್ತಿತ್ತು ಕಾಣ್ತದ, ಶಿವಣ್ಣಾ. ಅದಕಽ ಅದು ಈಸಿಲ್ಲ. ತಪ್ಪು ನಂದು.”

ಈಸಿತ್ತು. ಅಷ್ಟು ಚೆನ್ನಾಗಿ ಈಸಿದ ಕಪ್ಪೆಯನ್ನು ನಾನು ಮತ್ತೆ ನೋಡಿಲ್ಲ. ಆದರೆ ಅಂದು, ಇರಬಹುದು ಎಂಬಂತೆ ತಲೆ ಆಡಿಸಿದೆ. ಅವನು ಮತ್ತೆಂದೂ ಗಾಳ ಮುಟ್ಟಲಿಲ್ಲ. ಕೂಸನ್ನು ಎತ್ತಿಕೊಂಡು ಹುಮನಾಬಾದಕ್ಕೆ ಹೋಗಿ ಅಲ್ಲೇ ಅಂಗಡಿ ಹಾಕಿದ.

ಫೌಜು ಬಂದು ಊರೂರಲ್ಲಿ ಹೆಣ ಬಿದ್ದ ಹೋದ ವರ್ಷದ ಗದ್ದಲದಲ್ಲಿ ಅವನು ಉಳಿದನೋ ಇಲ್ಲವೋ ಎಂದು ನನಗೆ ನಿದ್ದೆ ಇರಲಿಲ್ಲ. ಇಲ್ಲ ಎಂಬ ಸುದ್ದಿ ಬಂದರೆ ಹೇಳುವ ಕೆಲಸವಾದರೂ ತಪ್ಪೀತು — ಇದೂ ಒಮ್ಮೆ ಮನಸ್ಸಿಗೆ ಬಂತು. ಬಂದದ್ದನ್ನು ಬರೆದಿದ್ದೇನೆ.

ಕಳೆದ ತಿಂಗಳು, ಹೇಳಿಯೇ ಬಿಡಬೇಕೆಂದು ಹೋದೆ. ಮೋಟಾರಿನಲ್ಲಿ ಕೂತು ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅವನು ನನ್ನನ್ನು ಬಾಯಿ ತೆರೆಯಗೊಡಲಿಲ್ಲ, ಅಪ್ಪಿಕೊಂಡ. ಮಗಳ ನಿಕಾಹ್ ಗೊತ್ತಾಗಿದೆಯೆಂದ, ಸೋದರಮಾವನಾಗಿ ಕೂಡಲು ಜೈನಬಿಯ ಕಡೆಯವರು ಯಾರೂ ಉಳಿದಿಲ್ಲವೆಂದ, ಮಗಳನ್ನು ಕರೆದ.

“ಸಲಾಂ ಮಾಡು, ಬೇಟಾ. ನಿಮ್ಮ ಅಮ್ಮಾನ ಸಲುವಾಗಿ ದಿನಾಪೂರ್ತಿ ನೀರಾಗ ನಿಂತಾಂವ ಇಂವನಽ.” ಆಮೇಲೆ ನನ್ನ ಕಡೆ ತಿರುಗಿ, “ಅಕಿ ಮಾಮೂನ ಜಾಗಾದಾಗ ನೀನಽ ಕೂಡಬೇಕು.”

ಹುಡುಗಿ ತಲೆ ಬಾಗಿಸಿ ಸಲಾಂ ಮಾಡಿದಳು. ನಾನು ಹೂಂ ಅಂದೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಖಾಸಿಂಗೆ ಓದಲು ಬರುವುದು ಉರ್ದು ಮಾತ್ರ. ಕಚೇರಿಯಲ್ಲಿ ಇಡೀ ಆಯುಷ್ಯ ಉರ್ದು ಬರೆದವನು ನಾನು. ಉರ್ದು ಬಾರದ್ದಕ್ಕೆ ಹೀಗೆ ಮಾಡಿದ್ದಲ್ಲ.

ಬರುವ ಶುಕ್ರವಾರ ನಿಕಾಹ್. ಹೋಗುತ್ತೇನೆ. ಅವರು ತೋರಿಸಿದ ಜಾಗದಲ್ಲಿ ಕೂಡುತ್ತೇನೆ.