ತಂಗಿಯ ಪಾಲಿಗೆ ಹೋದ ಲೆನ್ಸು

ಮೊನ್ನೆ ತಿಕೋಟಾದಿಂದ ಬಂದ ತಂಗಿ ಸುಜಾತಾ ತನ್ನ ಚೀಲದಿಂದ ಹಳೆಯ ಡಬ್ಬಿಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಮುಚ್ಚಳ ತೆರೆದೊಡನೆ ಒಣದ್ರಾಕ್ಷಿಯ ವಾಸನೆ, ಅದರ ಹಿಂದೆಯೇ ಹಳೆಯ ಗ್ರೀಸಿನ ವಾಸನೆ. ಒಳಗಿರುವುದು ಕಾಕಾನ ಕ್ಯಾಮೆರಾ ಲೆನ್ಸೆಂದು ನೋಡದೆಯೇ ತಿಳಿಯಿತು. ಇಂಥ ವಾಸನೆಗಳು ತೀರಿಹೋದವರನ್ನು ನೆನಪಿಸುತ್ತವೆಂಬುದು ನಿಮ್ಮ ಅನುಭವವೂ ಆಗಿರಬಹುದು. ನನಗೆ ಮೊದಲು ನೆನಪಾದದ್ದು ಕಾಕಾ ಅಲ್ಲ, ಅವರು ಅದನ್ನು ನನಗೆ ಕೊಡಲಿಲ್ಲವೆಂಬುದು.

ಕಾಕಾ ಎಂದರೆ ನಮ್ಮ ಚಿಕ್ಕಪ್ಪ; ಅವರ ಫೋಟೋ ಸ್ಟುಡಿಯೋ ಸ್ಟೇಷನ್ ರಸ್ತೆಯಲ್ಲಿತ್ತು. ಪ್ರೀತಿಯ ಕಾರಣಕ್ಕೆ ಅಲ್ಲಿನ ಅನ್ಯಾಯಗಳನ್ನು ಮರೆಮಾಚಲಾರೆ. ವರನ ಕಡೆಗೆ ಕಳಿಸುವ ಫೋಟೋಗಳಲ್ಲಿ ಕಪ್ಪು ಹುಡುಗಿಯರ ಮುಖವನ್ನು ಬೆಳ್ಳಗೆ ಮಾಡಲಾಗುತ್ತಿತ್ತು. ಕುಟುಂಬದ ಫೋಟೋಗಳಲ್ಲಿ ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಹಿಂದಿನ ಸಾಲು. ಕಾಲೇಜಿನ ದಿನಗಳಲ್ಲೇ ನಾನಿದನ್ನು ಪ್ರತಿಭಟಿಸಿದೆ. ಕಾಕಾ ಪೂರ್ತಿ ಕೇಳಿಸಿಕೊಂಡು, "ಆತು ಬಿಡವಾ, ನಾಳಿಂದ ನೀನ ಕುರ್ಚಿ ಹಾಕು" ಎಂದರು. ಹಾಕಿದೆ. ಬಬಲೇಶ್ವರದಿಂದ ಬಂದಿದ್ದ ಅಜ್ಜಿಯೊಬ್ಬರು ಅದರ ಮೇಲೆ ತಮ್ಮ ಕೈಚೀಲವನ್ನು ಕೂರಿಸಿ, ತಾವು ಪಕ್ಕದಲ್ಲಿ ನಿಂತೇ ಫೋಟೋ ತೆಗೆಸಿಕೊಂಡರು.

ಆದರೆ ಒಬ್ಬರನ್ನೇ ಕೂರಿಸಿ ಮುಖದ ಫೋಟೋ ತೆಗೆಯುವಾಗ ಕಾಕಾ ಬೇರೆಯೇ ಮನುಷ್ಯ. ಆಗ ಈ ಲೆನ್ಸು ಹೊರಬರುತ್ತಿತ್ತು. ಬಟನ್ ಒತ್ತುವ ಮುನ್ನ, "ಈ ಫೋಟೋ ಯಾರಿಗಿ ಕೊಡವ್ರು?" ಎಂದು ಕೇಳುತ್ತಿದ್ದರು. ಎದುರಿಗಿದ್ದವರು ಆ ಯಾರನ್ನೋ ನೆನೆಯುವಷ್ಟರಲ್ಲಿ ಮುಖದ ಬಿಗಿ ಸಡಿಲುತ್ತಿತ್ತು. ಕಾಕಾ ಉತ್ತರಕ್ಕೆ ಕಾಯುತ್ತಿರಲಿಲ್ಲ.

ಸ್ಟುಡಿಯೋ ಮುಚ್ಚಿದಾಗ ಲೆನ್ಸು ನನಗೇ ಬರುವುದೆಂದು ನಂಬಿದ್ದೆ. ಮನೆಯಲ್ಲಿ ಕ್ಯಾಮೆರಾ ಇದ್ದವಳು ನಾನೊಬ್ಬಳೇ. ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಜೋಡಿಸುವ ರಿಂಗು ಹಾಕಿ ಕೂಡಿಸಿ ನೋಡಿದೆವು. ನನ್ನದು ಒಳಗೆ ಕನ್ನಡಿಯಿದ್ದ ಡಿಜಿಟಲ್ ಕ್ಯಾಮೆರಾ. ಆ ಕನ್ನಡಿಗೆ ಜಾಗ ಬಿಡಬೇಕಾದ್ದರಿಂದ ಲೆನ್ಸು ಇರಬೇಕಾದಲ್ಲಿಗಿಂತ ಮುಂದೆ ನಿಲ್ಲುತ್ತಿತ್ತು. ಹತ್ತಿರದ ಮುಖ ಸ್ಪಷ್ಟ. ರಸ್ತೆಯಾಚೆಯ ಬೇವಿನಮರ ಎಷ್ಟು ತಿರುವಿದರೂ ಮಸುಕು.

"ನಿನ್ನ ಕ್ಯಾಮೆರಾ ಡಬ್ಬಿಗಿ ಇದು ಹೊಂದೂದಿಲ್ಲ. ಸುಜಿಗಿ ಇರ್ಲಿ," ಎಂದರು ಕಾಕಾ.

"ಆಕಿ ಹತ್ರ ಕ್ಯಾಮೆರಾನ ಇಲ್ಲಲ್ಲ ಕಾಕಾ."

"ಅದಕ. ಇಲ್ಲದ್ದಕ್ಕ ಏನ ಬೇಕಾದ್ದು ಹೊಂದ್ತೈತಿ."

ಮನೆಯ ಗಂಡುಮಗನಿಗೆ ಕೊಟ್ಟಿದ್ದರೆ ಹೆಣ್ಣುಮಕ್ಕಳ ಹಕ್ಕಿನ ಪ್ರಶ್ನೆಯೆತ್ತುತ್ತಿದ್ದೆ. ಅವರು ಕೊಟ್ಟದ್ದು ಹೆಣ್ಣುಮಗಳಿಗೇ. ಹೀಗೆ ನನ್ನ ಸಂಕಟಕ್ಕೆ ಒಂದು ಸಿದ್ಧಾಂತವೂ ಒದಗದೆ, ಕ್ಯಾಮೆರಾ ಕಂಪನಿಗಳ ಮೇಲೆ ದೀರ್ಘ ಲೇಖನ ಬರೆದೆ. ಪ್ರತಿ ಪೀಳಿಗೆಗೂ ಲೆನ್ಸು ಕೂರುವ ಬಾಯಿಯ ಅಳತೆ ಬದಲಿಸಿ, ಕೆಡದ ಗಾಜನ್ನು ಕಸವಾಗಿಸುವ ವ್ಯಾಪಾರವನ್ನು ಖಂಡಿಸಿದೆ. ಅದರಲ್ಲಿ ಬರೆದ ಒಂದೊಂದು ಮಾತೂ ನಿಜ. ಬರೆಸಿದವಳು ಮಾತ್ರ ತಂಗಿ.

ಅವಳು ಮುಂದೆ ಕನ್ನಡಿಯಿಲ್ಲದ ಹೊಸ ಕ್ಯಾಮೆರಾ ಕೊಂಡಳು. ಕಳೆದ ಚಳಿಗಾಲ ನಾನೂ ಕೊಂಡೆ. ಕಳ್ಳಕವಟಗಿಯ ದ್ರಾಕ್ಷಿ ತೋಟಗಳಲ್ಲಿ ದುಡಿಯುವ ಹೆಂಗಸರ ಫೋಟೋಗಳನ್ನು ಇಬ್ಬರೂ ತೆಗೆದಿದ್ದೇವೆ. ನನ್ನವು ಕೂಲಿಯ ತಾರತಮ್ಯಕ್ಕೆ ಸಾಕ್ಷಿಯಾದವು. ಅವಳು ತೆಗೆದವನ್ನು ಆ ಹೆಂಗಸರು ಕೇಳಿ ಪಡೆದು ಮನೆಯ ಗೋಡೆಗೆ ಹಾಕಿಕೊಂಡರು. ಇದನ್ನು ಬರೆಯುವಾಗಲೂ ನನ್ನ ಹೊಟ್ಟೆ ತಣ್ಣಗಿಲ್ಲ.

ಮೊನ್ನೆ ಡಬ್ಬಿ ತೆರೆದಿಟ್ಟು ಸುಜಾತಾ ಹೇಳಿದ್ದು ಇದನ್ನೇ: "ಅಕ್ಕಾ, ರಿಂಗ್ ತರಿಸಿದ್ನಿ. ಬರೋಬರಿ ಕುಂತೈತಿ. ಬಟನ್ ಒತ್ತಿದ್ರ ಲೆನ್ಸ್ ಇಲ್ಲ ಅಂತ ಬರ್ತೈತಿ. ಇಷ್ಟ ದೊಡ್ಡದು ಮೂಗಿನ ಮುಂದ ಕುಂತರೂ ಕಾಣವಲ್ದು ಇದಕ್ಕ. ಭಾನುವಾರ ಕಳ್ಳಕವಟಗಿಯವ್ರು ಕರದಾರ, ಇದರಾಗ ತೆಗಿಬೇಕಂತ ಭಾಳ ಆಸೆ ಇತ್ತು." ಲೆನ್ಸನ್ನು ಡಬ್ಬಿಯಿಂದ ಹೊರತೆಗೆದು ಸೇರಿಸಿದಳು: "ನಿನ್ನ ಕ್ಯಾಮೆರಾಕ್ಕ ಹೊಂದಿದ್ರ ನೀನ ಇಟ್ಗೋ."

ನನಗೆ ಕಾರಣ ಗೊತ್ತಿತ್ತು. ಹಳೆಯ ಲೆನ್ಸಿನಲ್ಲಿ ವಿದ್ಯುತ್ ಸಂಪರ್ಕವಿರುವುದಿಲ್ಲ. ಹೊಸ ಕ್ಯಾಮೆರಾ ತನ್ನ ಬಾಯಿ ಖಾಲಿಯಿದೆಯೆಂದೇ ತಿಳಿಯುತ್ತದೆ. ಲೆನ್ಸಿಲ್ಲದಿದ್ದರೂ ಫೋಟೋ ತೆಗೆ ಎಂದು ಸೆಟ್ಟಿಂಗಿನಲ್ಲಿ ಒಮ್ಮೆ ಅನುಮತಿ ಕೊಟ್ಟರೆ ಮುಗಿಯಿತು. ನಾನು ಸುಳ್ಳಾಡಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು, ಲೆನ್ಸು ನನ್ನದಾಗುತ್ತಿತ್ತು. ಮೌನವೂ ಅನ್ಯಾಯದ ಪಾಲುದಾರನೆಂದು ಸಭೆಗಳಲ್ಲಿ ಸಾರುವವಳ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಸುಜಾತಾ ಸೆರಗಿನಿಂದ ಗಾಜು ಒರೆಸಿ ಲೆನ್ಸನ್ನು ನನ್ನತ್ತ ಸರಿಸಿದಳು. ಎಷ್ಟು ಸಲೀಸಾಗಿ ಕೊಟ್ಟಳೆಂದರೆ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ವರ್ಷಗಟ್ಟಲೆ ಉರಿದದ್ದು ಹೀಗೆ ದಾನ ಪಡೆಯಲಿಕ್ಕಲ್ಲ. ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆಯಿದೆ.

"ಕ್ಯಾಮೆರಾ ತಾ ಇಲ್ಲಿ" ಎಂದೆ. ಸೆಟ್ಟಿಂಗು ಹುಡುಕಿ, ಅನುಮತಿ ಕೊಟ್ಟು, ಲೆನ್ಸು ಕೂಡಿಸಿ ಮರಳಿಸಿದೆ. ಅವಳು ಅದನ್ನು ನನ್ನತ್ತಲೇ ಹಿಡಿದು ಬಟನ್ ಒತ್ತಿದಳು. ಟಕ್ ಎಂದಿತು. ಪರದೆ ನೋಡಿದವಳ ನಗು ನಿಂತುಹೋಯಿತು.

"ಹಿಂಗ್ಯಾಕ ನೋಡಾಕತ್ತಿ ಅಕ್ಕಾ? ಸಿಟ್ಟೇನು? ಅಳಸ್ಲಿ?"

ನಾನೂ ನೋಡಿದೆ. ಹಿಂದಿನ ಪುಸ್ತಕದ ಕಪಾಟು ಹೊಗೆಯಂತೆ ಕರಗಿತ್ತು. ನನ್ನ ಕಣ್ಣುಗಳು ಮಾತ್ರ ಒಂದೊಂದು ರೆಪ್ಪೆಗೂದಲೂ ಕಾಣುವಷ್ಟು ಸ್ಪಷ್ಟವಾಗಿ ಮೂಡಿ, ಲೆನ್ಸು ಹಿಡಿದ ಅವಳ ಕೈಯನ್ನು ದಿಟ್ಟಿಸುತ್ತಿದ್ದವು.

"ಬ್ಯಾಡ, ಇರ್ಲಿ," ಎಂದೆ. "ಸಿಟ್ಟಲ್ಲ ಅದು. ಹೊಟ್ಟಿಕಿಚ್ಚು."

"ಗೊತ್ತೈತಿ ಬಿಡು," ಎಂದಳು ಸುಜಾತಾ, ಲೆನ್ಸನ್ನು ತಿರುವುತ್ತ. "ಅಲ್ಲೇ ಕುಂದ್ರು. ಇನ್ನೊಂದು ತೆಗಿತೇನಿ."