ರಾಜಾನ ಮೂರು ಹೊತ್ತಿನ ವ್ರತ

ಧಾರವಾಡದಲ್ಲಿ ಊಟ ಹಾಕುವುದು ಸುಲಭ; ಹಾಕದೆ ಇರುವುದಿದೆಯಲ್ಲ, ಅದು ಕಠಿಣ ಸಾಧನೆ. ಮನೆಗೆ ಬಂದವರನ್ನು "ಊಟಾ ಆತೇನ್ರಿ?" ಎಂದು ಕೇಳುತ್ತೇವೆ. ಆಗಿದೆ ಎಂದರೆ ಸಂಕೋಚವೆಂದು ತಿಳಿದು ಬಡಿಸುತ್ತೇವೆ. ಆಗಿಲ್ಲ ಎಂದರೆ ಕೇಳುವುದೇ ಬೇಡ. ಇಂಥ ಊರಿನಲ್ಲಿ ಮಾತು ಬಾರದ ಪ್ರಾಣಿಯ ಗತಿ ಏನಾಗುತ್ತದೆಂಬುದನ್ನು ೧೯೬೦ರ ಆಚೀಚೆ ನಮ್ಮ ಮನೆಯಲ್ಲೇ ಕಂಡೆ.

ಹುಬ್ಬಳ್ಳಿ ಕಮರಿಪೇಟೆಯ ಗೆಳೆಯನೊಬ್ಬ ವರ್ಗವಾಗಿ ಹೋಗುವಾಗ ತನ್ನ ಅಲ್ಸೇಶಿಯನ್ ನಾಯಿಮರಿಯನ್ನು ನನಗೆ ಕೊಟ್ಟ. ಹೆಸರು ರಾಜಾ, ವಯಸ್ಸು ನಾಲ್ಕು ತಿಂಗಳು. ಪಾದಗಳು ಮಾತ್ರ ಯಾರೋ ದೊಡ್ಡವರ ಚಪ್ಪಲಿ ಮೆಟ್ಟಿ ಬಂದಂತಿದ್ದವು. ನಾನು ಓದಿದವನಾದ್ದರಿಂದ ದನದ ದವಾಖಾನೆಗೆ ಹೋಗಿ ವಿಚಾರಿಸಿದೆ. "ಸದ್ಯಕ್ಕ ಮೂರು ಹೊತ್ತು, ಅಳತಿ ಹಿಡದು ಹಾಕ್ರಿ. ವರ್ಷ ತುಂಬಿದ ಮ್ಯಾಲ ಎರಡು ಹೊತ್ತು ಸಾಕು" ಎಂದರು ಡಾಕ್ಟರು.

ನಮ್ಮ ಹಿರಿಯರ ಲೆಕ್ಕ ಬೇರೆ. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನನ್ನು ಹೊತ್ತುಕೊಂಡು ಹೋಗಿ. ಗಾದೆಗೂ ಡಾಕ್ಟರಿಗೂ ಇರುವ ಈ ಭಿನ್ನಾಭಿಪ್ರಾಯವನ್ನು ನಾನು ಬಗೆಹರಿಸುತ್ತ ಕೂತಿರುವಾಗಲೇ ರಾಜಾ ಗಾದೆಯನ್ನು ಪೂರ್ತಿ ದಾಟಿ ಹೋಗಿದ್ದ. ನಾನು ಹಾಕಿ ಕಾಲೇಜಿಗೆ ಹೋದರೆ ಹೆಂಡತಿ ಹಾಕುತ್ತಿದ್ದಳು. ಅವಳು ಬಟ್ಟೆ ಒಗೆಯಲು ಹಿತ್ತಲಿಗೆ ಹೋದರೆ ಅವ್ವ ತುಪ್ಪ ಹಚ್ಚಿದ ಜೋಳದ ಭಕ್ರಿ ಮುರಿದು ಹಾಕುತ್ತಿದ್ದಳು. ಅವ್ವ ಅಡ್ಡಾದರೆ ಪಕ್ಕದ ಮನೆಯ ಕಾಕಾ ಇದ್ದೇ ಇದ್ದರು. ಪ್ರತಿಯೊಬ್ಬರ ಮುಂದೆಯೂ ರಾಜಾ ನಿನ್ನೆಯಿಂದ ಉಪವಾಸವಿದ್ದವನ ಮುಖ ಮಾಡುತ್ತಿದ್ದ.

ಕೆಲವೇ ದಿನಗಳಲ್ಲಿ ಅವನು ಹಾರ್ಮೋನಿಯಂ ಪೆಟ್ಟಿಗೆಯಷ್ಟು ಅಗಲವಾದ. ಮುಂಗಾಲುಗಳು ಬಾಗತೊಡಗಿದವು. ಡಾಕ್ಟರು ಹಿಸುಕಿ ನೋಡಿ, "ಎಲುಬು ಇನ್ನೂ ಹಸೀ ಅದಾವ್ರಿ, ಇಷ್ಟು ಭಾರ ತಡಿಯಂಗಿಲ್ಲ. ಹಿಂಗ ತಿನ್ನಿಸಿದ್ರ ಕಾಲು ಸೊಟ್ಟನ ಉಳೀತಾವ" ಎಂದರು. ಮನೆಗೆ ಬಂದು ಹೇಳಿದರೆ ಅವ್ವ, "ಅದು ಡಾಕ್ಟರ ಮನಿಗೆ ಹೋಗಿ ಅಳತದೇನು? ನನ್ನ ಮುಂದ ಅಳತದ" ಎಂದು ಇನ್ನೊಂದು ಭಕ್ರಿ ಮುರಿದಳು.

ಆಗ ಚಾತುರ್ಮಾಸ. ಅವ್ವನದು ಒಪ್ಪತ್ತಿನ ವ್ರತ. ಅವಳಿಗೆ ಯಾರೂ "ಇನ್ನೊಂದು ತುತ್ತು" ಎನ್ನುತ್ತಿರಲಿಲ್ಲ. ನಮ್ಮಲ್ಲಿ ಡಾಕ್ಟರ ಮಾತು ಮುರಿಯಬಹುದು, ಇನ್ನೊಬ್ಬರ ವ್ರತ ಮುರಿಯುವಂತಿಲ್ಲ. ನಾನು ಗಂಭೀರವಾಗಿ ಹೇಳಿದೆ: "ಅವ್ವಾ, ರಾಜಾನೂ ವ್ರತ ಹಿಡದಾನ. ಮೂರು ಹೊತ್ತು ಬಿಟ್ರ ನಡುವ ಏನೂ ಮುಟ್ಟಂಗಿಲ್ಲ."

ಅವ್ವ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ದಡ್ಡಳಲ್ಲ. "ಸಂಕಲ್ಪ ಯಾರು ಮಾಡಿದ್ರು?"

"ನಾನ."

"ಹಂಗಾದ್ರ ಮುರೀಬಾರದು."

ಅಂದಿನಿಂದ ಕಾಕಾ ಕೂಡ "ವ್ರತಾ ಅದಂತ, ಪಾಪ" ಎಂದು ಬೇಲಿಯಿಂದಲೇ ಹಿಂದಿರುಗುತ್ತಿದ್ದರು. ಒಂದು ಮಧ್ಯಾಹ್ನ ರಾಜಾ ಹೊಸ್ತಿಲಿಗೆ ಗದ್ದ ಊರಿ ಕುಂಯ್‌ಗುಡುತ್ತಿದ್ದ. ಫಲಾಹಾರಕ್ಕೆಂದು ಬಾಳೆಹಣ್ಣು ಸುಲಿದಿದ್ದ ಅವ್ವ ಅದನ್ನು ಹಾಗೇ ತೆಗೆದಿಟ್ಟು, "ಹಸದ ಕೂಸಿನ ಮುಂದ ನಾ ಹೆಂಗ ತಿನ್ನಲಿ?" ಎಂದಳು. ಹಾಕಲು ತುಡಿಯುವ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಜನ್ಮವಿಡೀ ಬಡಿಸಿದವಳಿಗೆ ಅದೆಷ್ಟು ಕಷ್ಟವೆಂದು ನನಗೆ ಗೊತ್ತಿತ್ತು. ಅವಳ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಉಕ್ಕಿರಲಿಲ್ಲ.

ಕಾರ್ತಿಕದ ಹೊತ್ತಿಗೆ ರಾಜಾನ ಕಾಲು ನೆಟ್ಟಗಾದವು. ವ್ರತ ಫಲಿಸಿತೆಂದ ಮೇಲೆ ಉದ್ಯಾಪನೆಯ ಊಟ ಹಾಕಲೇಬೇಕಲ್ಲ? ಅವ್ವ ಡಾಕ್ಟರನ್ನೇ ಕರೆದಳು. ಅವರು ಹೋಳಿಗೆಯ ಮೇಲೆ ಹೋಳಿಗೆ ಉಂಡು, ಕೊನೆಗೆ ಎಲೆಗೆ ಎರಡೂ ಕೈ ಅಡ್ಡ ಹಿಡಿದು, "ಸಾಕ್ರೀ ಅವ್ವಾರ, ಇನ್ನ ಆಗಂಗಿಲ್ಲ" ಎಂದು ಬೇಡಿಕೊಂಡರು. ಅಳತೆಯ ಊಟ ಮುಗಿಸಿದ್ದ ರಾಜಾ ಬಾಗಿಲಲ್ಲಿ ನಾಲ್ಕೂ ಕಾಲ ಮೇಲೆ ನೆಟ್ಟಗೆ ನಿಂತು ನೋಡುತ್ತಿದ್ದ.

ಅವ್ವ ಅವರ ಕೈ ಸರಿಸಿ ಇನ್ನೊಂದು ಹೋಳಿಗೆ ಹಾಕಿದಳು.

"ಉಣ್ರಿ ಡಾಕ್ಟರ. ನಿಮ್ಮ ಎಲುಬು ಗಟ್ಟಿ ಆಗ್ಯಾವ."